ಗೋಡಿ ಮ್ಯಾಲಿನ ಸುಣ್ಣದ ಗೆರಿ

೧೬ ನವೆಂಬರ್ ೧೯೯೩, ಮಂಗಳವಾರ

ಇವತ್ತು ದವಾಖಾನಿಯೊಳಗ ಮಾತು ಕಲಿಸೋ ಹುಡುಗಿ ಒಂದು ಆಕಳ ಚಿತ್ರ ತಂದು ಇವರ ಮಾರಿ ಮುಂದ ಹಿಡಿದು "ಇದೇನು?" ಅಂತ ಕೇಳಿದಳು. ಜೀವಮಾನ ಎಲ್ಲಾ ಫ್ಯಾಕ್ಟರಿಯೊಳಗ ಲೇತ್ ಮಷಿನ್ ನಡಿಸಿದ ಮನುಷ್ಯಾಗ ಆಕಳು ಗೊತ್ತಿಲ್ಲೇನು? ಇವರು ಬಾಯಿ ಬಿಗಿ ಹಿಡಕೊಂಡು ಕುಂತ್ರು. ನನಗ ತಡಕೊಳ್ಳಾಕ ಆಗಲಿಲ್ಲ. "ಆಕಳು" ಅಂತ ನಾನೇ ಹೇಳಿದೆ. ಆಮ್ಯಾಲ ಬಾಳಿಹಣ್ಣು, ಕುರ್ಚಿ, ಛತ್ರಿ. ಎಲ್ಲಾ ನಾನೇ ಹೇಳಿದೆ. ಹುಡುಗಿ ತೆಲುಗಿನ್ಯಾಗ "ಅಮ್ಮಾ, ಮೀರು ಮಾಟ್ಲಾಡೊದ್ದು" ಅಂದಳು. ನಾನು ಮಾತಾಡಬಾರದಂತ! ಪರೀಕ್ಷಾ ನನಗಲ್ಲಂತ. ಮೊನ್ನೆ ಹುಟ್ಟಿದ ಪೋರಿ.

"ಹೆಸರು ಹಿಡಿದು ಕರೀರಿ, ಓ ಅಂತಾರೇನು ನೋಡೋಣ" ಅಂತನೂ ಅಂದಳು. ಗಂಡನ ಹೆಸರು ಹಿಡಿದು ಕರಿಯೋದಾ? ನಾನು ಮಾರಿ ತಿರುವಿದೆ. ಕಡೀಕ ಬಂಡೆಪ್ಪನೇ ಕರೆದ. ಇವರು ಅವನ ಕಡೆ ನೋಡಿದ್ರು, ಅಷ್ಟೇ. ಈ ಬಂಡೆಪ್ಪ ನಮ್ಮ ಲಿಂಗಸೂಗೂರು ಕಡೆಯವ, ಇವರ ಜೋಡಿ ಒಂದೇ ಶಿಫ್ಟಿನ್ಯಾಗ ಇದ್ದವ, ಇಲ್ಲಿ ಮೂಸಾಪೇಟದಾಗ ನಮ್ಮ ಹಿಂದಿನ ಗಲ್ಲಿಯಾಗ ಇರಾಂವ. ನಮ್ಮ ಅಂಬಾಸಡರ್ ಗಾಡಿ ಈಗ ಅವನೇ ನಡಸ್ತಾನ.

ನಾಗರ ಪಂಚಮಿ ಮರುದಿನ ಇವರು ಬಚ್ಚಲದಾಗ ಬಿದ್ರು. ಲಕ್ವಾ ಹೊಡದು ಬಲಗೈ ಬಲಗಾಲು ಸೆಳೀತು, ಮಾತು ಹೋತು. ಕಾಲು ಈಗ ಕೋಲು ಹಿಡಿದರ ಒಂದೀಟು ನಡೀತೈತಿ. ಮಾತು ಇಲ್ಲ. ಒಂದು ಊಂ, ಒಂದು ಆಂ. ಈ ಚಳಿಗಾಲ ಮುಗಿಯೋದರಾಗ ಬಂದಷ್ಟು ಬಂತು, ಆಮ್ಯಾಲ ಭಾಳ ಕಷ್ಟ ಅಂತ ಡಾಕ್ಟರ್ ಹೇಳ್ಯಾರ. ಬಾಯಿ ಮುಚ್ಚಿ ಕುಂತ್ರ ಅದೂ ಇಲ್ಲ. ತಲಿ ಚೊಲೋ ಐತಿ, ಎಲ್ಲಾ ತಿಳೀತೈತಿ ಅಂತಾಳ ಆ ಹುಡುಗಿ. ತಿಳೀತಿದ್ರ ಯಾಕ ಬಾಯಿ ತಗಿಯವಲ್ಲರು? ಹಟ. ಮದವಿ ಆದಾಗಿಂದ ನೋಡೀನಿ ಈ ಹಟ.

ಬರೂಹೊತ್ತಿಗೆ ಕತ್ತಲಾಗಿತ್ತು. ಎದುರು ಬಂದವರೆಲ್ಲ ಹಾರನ್ ಹೊಡದು ಬೈಕೋತ ಹೋದ್ರು. ಮುಂಜಾನೆ ಬಂಡೆಪ್ಪ ಗಾಡಿ ಹೊರಗ ತಗಿಯೋ ಮುಂದ ಎಡಗಡಿ ಮೂತಿ ಗೇಟಿಗೆ ತಾಗಿಸಿದ್ದ. ಆ ಕಡಿ ಹೆಡ್‌ಲೈಟ್ ಗಿಡದ ತುದಿಗೆ ಬೀಳಾಕತ್ತಿತ್ತು. ಅಮೀರ್‌ಪೇಟ ಚೌರಸ್ತಾದಾಗ ಪೊಲೀಸ ನಿಲ್ಲಿಸಿ "ಕ್ಯಾ ಚಾಚಾ, ಚಾಂದ್ ದೇಖ್ನೇ ಕು ನಿಕ್ಲೇ ಕ್ಯಾ?" ಅಂದ. ಚಂದ್ರನ್ನ ನೋಡಾಕ ಹೊಂಟೀರೇನು ಅಂತ. ಬಂಡೆಪ್ಪ ಹಲ್ಲು ಕಿರದ. ಹಿಂದ ಇವರು ಎಡಗೈಲೆ ಬಾಗಲಾ ಗುದ್ದಾಕತ್ತಿದ್ರು, ಊಂ ಊಂ ಅಂತ. ಮನಿ ಬರೂ ತನಕ ಗುದ್ದಿದ್ರು.

೨೦ ನವೆಂಬರ್, ಶನಿವಾರ

ಬಂಡೆಪ್ಪ ಮೆಕ್ಯಾನಿಕ್‌ನ ಕರಕೊಂಡು ಬಂದ. ಅವ ಇನ್ನೂ ಸ್ಕ್ರೂಡ್ರೈವರ್ ತಗದಿಲ್ಲ, ಇವರು ಕೋಲು ಊರಕೊಂಡು ಹೋಗಿ ಗಾಡಿ ಮುಂದ ನಿಂತ್ರು. ಅವ ಸರದು ಬಂದ್ರ ಇವರೂ ಸರದ್ರು. ಅವ ನಕ್ಕ. ಇವರು ಕೋಲು ಎತ್ತಿದ್ರು. ಅವ ಹೋದ.

"ವೈನಿ, ಅಣ್ಣಗ ತನ್ನ ಗಾಡಿ ದೀಪ ಇನ್ನೊಬ್ಬರು ಮುಟ್ಟಿದ್ರ ಆಗೂದಿಲ್ಲರಿ. ಮೊದಲಿಂದ ಹಂಗ" ಅಂದ ಬಂಡೆಪ್ಪ.

ನನಗ್ಯಾಕ ಹೇಳ್ತಿ? ವರ್ಷಾ ದಸರಾ ಮುಂದ ಸಂಜಿಗೆ ಗಾಡಿ ಕಂಪೌಂಡ್ ಗೋಡಿಗೆ ಮುಖ ಮಾಡಿ ನಿಲ್ಲಿಸಿ, ಗೋಡಿ ಮ್ಯಾಲ ಗೆರಿ ಎಳದು, ಸ್ಕ್ರೂ ತಿರುವಿ ದೀಪ ಹೊಂದಿಸೋರು. ಗೆರಿ ಎಳಿಯೋ ಸುಣ್ಣದ ಬಟ್ಟಲಾ ಹಿಡಕೊಂಡು ನಿಂತಾಕಿ ನಾನು. ಒಮ್ಮೆ ಬಟ್ಟಲಾ ಸೊಟ್ಟ ಹಿಡಿದಿ ಅಂತ ಬೈದಿದ್ರು. ಈ ಸಲ ದಸರಾದಾಗ ಹಾಸಿಗಿ ಮ್ಯಾಲ ಇದ್ರು, ಮಾಡಾಕ ಆಗಲಿಲ್ಲ.

"ಹಂಗಾರ ನಾನೇ ಮಾಡ್ತೀನಿ, ನಿಮ್ಮ ಅಪ್ಪಣಿ ಐತೇನು?" ಅಂತ ಕೇಳಿದೆ. ಮಾರಿ ಮ್ಯಾಲ ಎತ್ತಿ ನೋಡಿದ್ರು. ಬ್ಯಾಡ ಅನ್ನಲಿಲ್ಲ. ಅನ್ನಾಕ ಬಾಯಿ ಎಲ್ಲೈತಿ.

೨೩ ನವೆಂಬರ್

ಮೂರನೇತ್ತೆ ಬಿಟ್ಟಾಕಿ ನಾನು, ಆದರೂ ಎರಡು ಸ್ಕ್ರೂ ತಿರುವೋದಕ್ಕ ಸಾಲಿ ಬೇಕಾಗಿಲ್ಲ. ದೀಪದ ಸುತ್ತಲಿನ ಹೊಳಿಯೋ ಬಳಿ ತಗದ್ರ ಒಳಗ ಕಾಣತಾವ. ಮ್ಯಾಲಿನದು ತಿರುವಿದ್ರ ಬೆಳಕು ಏರತೈತಿ ಇಳಿತೈತಿ. ಬಗಲಿಂದು ತಿರುವಿದ್ರ ಆಕಡಿ ಈಕಡಿ ಹೋಕೈತಿ.

ಹಳೇ ಗೆರಿ ಮಳಿಗೆ ಹೋಗೇತಿ. ನನ್ನ ಎಲಿ ಚೀಲದಾಗಿನ ಸುಣ್ಣ ತಗೊಂಡೆ. ದೀಪ ನೆಲದಿಂದ ಎಷ್ಟು ಎತ್ತರ ಐತಿ ಅಂತ ಗೇಣಿಲೆ ಅಳದು, ಅಷ್ಟೇ ಎತ್ತರಕ್ಕ ಗೋಡಿ ಮ್ಯಾಲ ಗೆರಿ ಎಳದೆ. ಇವರು ವರಾಂಡದ ಕುರ್ಚಿಯಿಂದ ಕೋಲು ಕುಟ್ಟಿದ್ರು. ಕಪಾಟದ ಕಡಿ ಕೋಲು ತೋರಿಸಿದ್ರು. ಅಲ್ಲಿ ಟೇಪು ಇತ್ತು. ಟೇಪಿಲೆ ಅಳದ್ರ ನನ್ನ ಗೆರಿ ನಾಕು ಬೆರಳು ಮ್ಯಾಲ ಇತ್ತು. ಅಳಿಸಿದೆ.

ಬಂಡೆಪ್ಪ ದೀಪ ಹಾಕಿದ. ಎಡಗಡಿದು ಗೋಡಿ ದಾಟಿ ಪಕ್ಕದ ಮನಿ ಕಿಡಕಿಗೆ ಹೋತು. ಆ ಮನಿಯಾಕಿ ಹೊರಗ ಬಂದು "ಏಮಯಿಂದಿ?" ಅಂತ ಒದರಿದಳು. ಏನೂ ಆಗಿಲ್ಲ ಒಳಗ ಹೋಗವ್ವಾ ಅಂದೆ ಕನ್ನಡದಾಗ. ತಿಳೀತೋ ಬಿಡ್ತೋ, ಹೋದಳು.

ಡಿಪ್ ಮಾಡಿದಾಗ ಬೆಳಕು ಗೆರಿಗಿಂತ ಒಂದೀಟು ಕೆಳಗ ಬೀಳಬೇಕು. ಎದುರಿಗೆ ಬರಾಂವನ ಕಣ್ಣಿಗೆ ಹೊಡೀಬಾರದು, ನಮಗ ರಸ್ತಾ ಕಾಣಬೇಕು. ಇದು ಇವರದೇ ಮಾತು. ಬಾಯಿದ್ದಾಗಿಂದು. ನಾನು ತಿರುವಿ ತಿರುವಿ ಗೆರಿ ಕೆಳಗ ತಂದೆ. ಚೊಲೋ ಆತು ಅಂದೆ. ಇವರು ತಲಿ ಅಲ್ಲಾಡಿಸಿದ್ರು. ಇನ್ನೇನು ಬೇಕು ಅಂದೆ. ಮತ್ತ ತಲಿ. ಸ್ಕ್ರೂಡ್ರೈವರ್ ಒಗದು ಒಳಗ ಬಂದೆ.

೨ ಡಿಸೆಂಬರ್

ಇವತ್ತು ಒಂದು ಶಬ್ದ ಬಂತು.

ಸಂಜಿಕ ಮತ್ತ ದೀಪ ಹಚ್ಚಿ ನೋಡಾಕತ್ತಿದ್ದೆ. ಇವರು ಕುರ್ಚಿ ಬಿಟ್ಟು ಗಾಡಿ ಹತ್ತರ ಬಂದು, ಬಾಯಿ ಒಂದು ನಮೂನಿ ತಿರುವಿ, ಬೆವತು, "ಚ… ಚಪ್ಪಲಿ" ಅಂದ್ರು. ಓಡಿ ಹೋಗಿ ಚಪ್ಪಲಿ ತಂದು ಕಾಲ ಹತ್ತರ ಇಟ್ಟೆ. ಒದ್ದರು. ಗಾಡಿಗೆ ಒರಗಿ ಎಡಗಾಲಿಲೆ ಒದ್ರ ಒಂದು ಚಪ್ಪಲಿ ಗಾಡಿ ಕೆಳಗ ಹೋತು. "ಚಪ್ಪಲಿ! ಚಪ್ಪಲಿ!" ಅಂತ ಒದರಿದ್ರು. ಬೂಟು ತಂದೆ. ಅದಕ್ಕೂ ಸಿಟ್ಟು. ಬೇಕಾಗಿದ್ದು ನೀಟಾಗಿ ಹೇಳಾಕ ಏನಾಗೇತಿ ಅಂತ ನಾನೂ ಒದರಿದೆ. ಆಗ ಕೋಲು ತಗೊಂಡು ಮುಂದಿನ ಎಡಗಡಿ ಟೈರಿಗೆ ಬಡದ್ರು.

ಟೈರು ಕುಂತಿತ್ತು. ಇಷ್ಟು ದಿನ ನಿಂತ ಗಾಡಿ, ಗಾಳಿ ಇಳಿದಿತ್ತು. ಗಾಡಿನೇ ಒಂದು ಕಡಿ ವಾಲಿದ್ರ ಬೆಳಕು ಹೆಂಗ ನೆಟ್ಟಗ ಬೀಳತೈತಿ?

ಟೈರು ಅಂದ್ರ ಗಾಡಿ ಕಾಲಿಗೆ ಹಾಕೊಂಡ ಚಪ್ಪಲಿನ. ತಪ್ಪೇನೈತಿ ಅದರಾಗ. ತಿಳೀಲಿಲ್ಲ ನನಗ.

೧೦ ಡಿಸೆಂಬರ್

ಚಪ್ಪಲಿ ಆದ ಮ್ಯಾಲ ಒಂದೂ ಇಲ್ಲ. ಹಗಲೆಲ್ಲ ಗೋಡಿ ಕಡಿ ಮಾರಿ ಮಾಡಿ ಮಲಗಿದ್ರು. ಉಣ್ಣಲಿಲ್ಲ. ನಾನೂ ಉಣ್ಣೂದಿಲ್ಲ ಅಂದೆ. ಸಂಜಿಗೆ ತಾಳಲಾರದ ನಾನೊಬ್ಬಾಕಿ ಉಂಡೆ.

೧೩ ಡಿಸೆಂಬರ್, ಸೋಮವಾರ

ದೊಡ್ಡ ಕೆಲಸ ಕೆಡಿಸಿದೆ.

ಸೋಮವಾರಕ್ಕೊಮ್ಮೆ ದೇವರ ಮನಿ ಬೆಳ್ಳಿ ಸಾಮಾನು ತಿಕ್ಕೋದು ನಮ್ಮ ಪದ್ಧತಿ. ಲಿಂಗದ ಕರಡಗಿ, ಆರತಿ, ಬಟ್ಟಲಾ ಎಲ್ಲಾ ಒದ್ದಿ ವಿಭೂತಿಲೆ ತಿಕ್ಕಿದ್ರ ಕನ್ನಡಿ ಹಂಗ ಆಗತಾವ. ನಮ್ಮವ್ವನೂ ಹಂಗ ತಿಕ್ಕತಿದ್ಲು. ಇವತ್ತು ಆ ಕೆಲಸ ಮುಗಿಸಿ, ಕೈಯಾಗ ವಿಭೂತಿ ಇದ್ದಾಗನ, ಎಡಗಡಿ ದೀಪದ ಮುಂದಿನ ಗಾಜು ಬಿಚ್ಚಿದೆ. ಒಳಗ ಒಂದು ಬೆಳ್ಳಿ ಬಟ್ಟಲದಂಥದ್ದು ಇರತೈತಿ, ಬಲ್ಬಿನ ಹಿಂದ. ಬೆಳಕು ಮುಂದ ದಬ್ಬೋದು ಅದೇ. ಅದರ ಮ್ಯಾಲ ಧೂಳು, ನೀರಿನ ಕಲಿ. ಬೆಳ್ಳಿ ಅಲ್ಲೇನು, ತಿಕ್ಕಿದೆ. ಚೊಲೋತ್ನಂಗ ತಿಕ್ಕಿದೆ. ಅಡ್ಡ ತಿಕ್ಕಿದೆ, ಉದ್ದ ತಿಕ್ಕಿದೆ. ಕೈಯೆಲ್ಲ ಕರ್ರಗಾತು. ತೊಳದು ನೋಡಿದ್ರ ಬೆಳ್ಳಿ ಬಣ್ಣ ಅಲ್ಲಲ್ಲಿ ಎದ್ದು ಹೋಗಿ ಒಳಗಿನ ತಗಡು ಕಾಣಾಕತ್ತಿತ್ತು.

ಸಂಜಿಗೆ ದೀಪ ಹಾಕಿದ್ರ ಕಂದೀಲ ಹಂಗ ಮಿಣಮಿಣ.

ಇವರು ಬಂದ್ರು. ಬಟ್ಟಲಾ ನೋಡಿದ್ರು. ನನ್ನ ಕೈ ನೋಡಿದ್ರು. ವಿಭೂತಿ ಉಂಡಿ ಇನ್ನೂ ಅಲ್ಲೇ ಇತ್ತು. ಬಾಯಿ ಸೊಟ್ಟ ಆಗಲಿಲ್ಲ, ತಡವರಿಸಲಿಲ್ಲ. "ಹುಚ್ಚಿ!" ಅಂದ್ರು. ಗಂಟಿ ಬಾರಿಸಿದಂಗ ಬಂತು.

ಇಷ್ಟು ವರ್ಷ ಎಂದೂ ನನಗ ಹಂಗ ಅಂದವರಲ್ಲ. ಬಂಡೆಪ್ಪ ನನ್ನ ಮಾರಿ ನೋಡಿದ, ಈಗ ಈಕಿ ಏನು ಮಾಡತಾಳೋ ಅಂತ. ನಾನು ಒಳಗ ಹೋಗಿ ಚಹಾ ಮಾಡಿದೆ. ಸಕ್ರಿ ಒಂದೀಟು ಜಾಸ್ತಿ ಬಿತ್ತು.

೧೪ ಡಿಸೆಂಬರ್, ಮಂಗಳವಾರ

ಮಾತು ಕಲಿಸೋ ಹುಡುಗಿಗೆ ಹೇಳಿದೆ, ನಿನ್ನೆ ಸ್ಪಷ್ಟ ಮಾತಾಡ್ಯಾರ ಅಂತ. ಏನು ಅಂದ್ರು ಅಂತ ಕೇಳಿದಳು. ಹೇಳಿದೆ. ಆಕಿ ನಗು ತಡಕೊಂಡು, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ ಅಮ್ಮಾ, ಸಿಟ್ಟಿನ ಬೈಗುಳ ತಾನಾಗಿ ಬರತೈತಿ, ಮಾತು ಹೋದವರಿಗೂ ಬರತೈತಿ, ಅವರೇ ಹುಡುಕಿ ತಂದು ಹೇಳಿದ ಮಾತು ಬೇಕು ಅಂದಳು.

ಬೈಸಿಕೊಂಡಾಕಿ ನಾನು. ಲೆಕ್ಕಕ್ಕಿಲ್ಲ ಅನ್ನಾಕ ಈಕಿ ಯಾರು?

ಇನ್ನೊಂದು ಅಂದಳು. ನೀವು ಬ್ಯಾಗನ ಹೇಳಿಬಿಟ್ರ ಅವರಿಗೆ ಹುಡುಕಾಕ ವ್ಯಾಳ್ಯಾ ಸಿಗೂದಿಲ್ಲ, ಸುಮ್ಮನ ಕಾಯ್ರಿ. ಎಷ್ಟು ಕಾಯಬೇಕು ಅಂದೆ. ಅವರು ಹೇಳೂ ತನಕ ಅಂದಳು. ಹಂಗ ಕುಂತ್ರ ನಮ್ಮ ಮನಿಯಾಗ ಒಲಿ ಹತ್ತೂದಿಲ್ಲ ಅಂದೆ.

೧೮ ಡಿಸೆಂಬರ್, ಶನಿವಾರ

ಕೋಠಿ ಬಾಜಾರದಾಗ ಔಷಧ ತಗೊಂಡು ಅಲ್ಲಿಂದನ ಪುತ್ಲಿಬೌಲಿಗೆ ಹೋದ್ವಿ, ದೀಪದ ಬಟ್ಟಲಾ ಹುಡುಕಾಕ. ಹಳೇ ಗಾಡಿ ಸಾಮಾನಿನ ಅಂಗಡಿ ಸಾಲು. ಇವರನ್ನ ಗಾಡಿಯಾಗ ಬಿಟ್ಟು ಹೋಗೋಣ ಅಂದೆ. ಬಾಗಲಾ ತಗದು ಒಂದು ಕಾಲು ಹೊರಗ ಇಟ್ಟೇ ಬಿಟ್ಟಿದ್ರು.

ಅಂಗಡಿಯವ ಇವರ ಸೊಟ್ಟ ಬಾಯಿ ನೋಡಿ ನನ್ನ ಕೂಡ ಮಾತಾಡಾಕತ್ತಿದ. "ಅಮ್ಮಾ, ಕೌನ್ ಸಾ ಮಾಡೆಲ್?" ಮಾಡೆಲ್ ನನಗೇನು ಗೊತ್ತು. ಮೂರು ಬಟ್ಟಲಾ ಇಟ್ಟ. ಇವರು ಎಡಗೈ ಹೆಬ್ಬಟ್ಟು ಅಂಚಿನ ಮ್ಯಾಲ ಆಡಿಸಿದ್ರು. ಮೊದಲಿಂದು ಸರಿಸಿದ್ರು. ಎರಡನೇದು ಬೆಳಕಿಗೆ ಹಿಡಿದು ನೋಡಿ ಸರಿಸಿದ್ರು. "ಏ ಅಚ್ಛಾ ಹೈ" ಅಂತ ಅಂಗಡಿಯವ ಎರಡನೇದೇ ಕಾಗದದಾಗ ಸುತ್ತಾಕ ಹತ್ತಿದ. ನಾನು ಬಾಯಿ ತಗದಿದ್ದೆ. ಬಂಡೆಪ್ಪ ನನ್ನ ಸೆರಗು ಜಗ್ಗಿದ, ಅಡ್ಡನಾಡಿ.

"ನ… ನಕೋ" ಅಂದ್ರು ಇವರು, ಬ್ಯಾಡ ಅಂತ.

ಅಂಗಡಿಯವ ಬಿಚ್ಚಿದ. ಮೂರನೇದು ತಗೊಂಡ್ವಿ. ಎಡಗೈಯಾಗ ಹಿಡಕೊಂಡು ಮನಿ ತನಕ ತಂದ್ರು. ನನ್ನ ಕೈಗೆ ಕೊಡಲಿಲ್ಲ. ನಾನು ಕೇಳಲೂ ಇಲ್ಲ.

೨೭ ಡಿಸೆಂಬರ್, ಸೋಮವಾರ

ಹೊಸಾ ಬಟ್ಟಲಾ ಕುಂತು ಒಂದು ವಾರ ಆತು. ಬೆಳಕು ಬೆಳ್ಳಗ ಬರತೈತಿ, ಆದ್ರ ಗೆರಿಗೆ ಹೊಂದವಲ್ಲದು. ನಾನು ಹೊಂದಿಸಿದ ಮ್ಯಾಲ ಬಂಡೆಪ್ಪ ಒಳಗ ಕುಂತು ನಡಸಿದ್ರ ಮತ್ತ ಬ್ಯಾರೆ ಕಡಿ ಹೋಕೈತಿ.

ಆಮ್ಯಾಲ ನನಗ ನೆನಪಾತು. ಖಾಲಿ ಗಾಡಿಗೆ ಹೊಂದಿಸಬಾರದು, ಡ್ರೈವರ್ ಸೀಟಿನ ಮ್ಯಾಲ ಭಾರ ಬೇಕು ಅಂತ ಇವರು ಅನ್ನತಿದ್ರು. ಬಂಡೆಪ್ಪಗ ಕೂಡ್ರು ಅಂದೆ. ಅವ ಇವರ ಕಡಿ ನೋಡಿ, "ನನ್ನ ಸೊಂಟ ನೋಯಾಕತ್ತೈತಿ ವೈನಿ, ಅಣ್ಣಾನೇ ಕೂಡ್ರಲಿ" ಅಂದ. ಎಲ್ಲಿ ಸೊಂಟ ನೋವು, ಸುಳ್ಳ.

ಬಿದ್ದ ಮ್ಯಾಲ ಆ ಸೀಟಿನ ಮ್ಯಾಲ ಕುಂತಿರಲಿಲ್ಲ. ಕುಂಡಿ ಮೊದಲ ಊರಿ, ಎಡಗಾಲು ತಾವೇ ಒಳಗ ತಗೊಂಡ್ರು. ಬಲಗಾಲು ನಾನು ಎತ್ತಿ ಇಟ್ಟೆ. ಸ್ಟೇರಿಂಗ್ ಮ್ಯಾಲ ಎಡಗೈ ಇಟ್ಟು ಕುಂತ್ರು. ಎಷ್ಟೊತ್ತೋ. ಸೊಳ್ಳಿ ಕಡಿಯಾಕತ್ತಿದ್ವು.

ಈ ಗಾಡಿಗೆ ಬೆಳಕು ಏರಿಸಿ ಇಳಿಸೋ ಡಿಪ್ಪರ್ ಎಡಗಾಲಿನ ಹತ್ತರ ನೆಲದಾಗ ಐತಿ. ಎಡಗಾಲು ಚೊಲೋನ ಐತಿ. ನಾನು ಸ್ಕ್ರೂ ತಪ್ಪು ತಿರುವಿದ್ರ ಕಟಕ್ ಅಂತ ಒತ್ತಿ ಬೆಳಕು ಎಬ್ಬಿಸಿ ಕೆಡವತಿದ್ರು. ಸರಿ ತಿರುವಿದ್ರ ಸುಮ್ಮನಿರತಿದ್ರು. ಭಾಳ ಜೋರು ತಪ್ಪಿದ್ರ ಕಟಕ್ ಕಟಕ್ ಕಟಕ್. ಬೈದಂಗನ. ಬಂಡೆಪ್ಪಗ ಭಾರಿ ಖುಷಿ. "ಅಣ್ಣಾ ಕಾಲಿಲೆ ಮಾತಾಡಾಕತ್ಯಾನ ವೈನಿ!"

ನನಗೂ ಮೊದಲ ಚೊಲೋ ಅನಿಸ್ತು. ಆಮ್ಯಾಲ ಸಿಟ್ಟು ಬಂತು. ಕಾಲಿಲೆ ಕೆಲಸ ಆದ್ರ ಬಾಯಿ ಇನ್ನ ಯಾಕ ತಗದಾರು? ಕಿಡಕಿ ಹತ್ತರ ಹೋಗಿ, "ಕಾಲು ಎತ್ರಿ ಅದರ ಮ್ಯಾಲಿಂದ. ಏನಿದ್ರೂ ಬಾಯಿಲೆ ಹೇಳ್ರಿ. ಇಲ್ಲಾಂದ್ರ ಈ ದೀಪ ಹಿಂಗೇ ಗಿಡ ನೋಡ್ಕೋತ ಇರಲಿ" ಅಂದೆ. ಕಣ್ಣಾಗ ನೀರು ತಂದ್ರು. ನೋಡಿದೆ. ಆದರೂ ಅಂದೆ.

೩ ಜನವರಿ ೧೯೯೪

ನಾಕು ಸಂಜಿ ಹಂಗೇ ಹೋದ್ವು. ನಾನು ಸ್ಕ್ರೂ ಹಿಡಕೊಂಡು ನಿಲ್ಲೋದು, ಇವರು ಗೋಡಿ ನೋಡಕೋತ ಕೂಡ್ರೋದು. ಬ್ಯಾಟರಿ ಇಳಿಯೋಹೊತ್ತಿಗೆ ಒಳಗ ಹೋಗೋದು.

ಇವತ್ತು ಬೇಕಂತನ ಮ್ಯಾಲಕ ತಿರುವಿದೆ. ಬೆಳಕು ಗೆರಿ ದಾಟಿ ಹೋತು. ಸೀಟಿನ ಮ್ಯಾಲ ಒದ್ದಾಡಿದ್ರು. ಎಡಗಾಲು ಡಿಪ್ಪರ್ ಕಡಿ ಹೋತು, ತಾವೇ ಹಿಂದ ತಗೊಂಡ್ರು. ಬಾಯಿ ಆಡಿಸಿದ್ರು, ಶಬ್ದ ಇಲ್ಲ. ನನ್ನ ಬಾಯಾಗ ಎಲಿ ಅಡಿಕಿ ತುಂಬಿತ್ತು, ಮಾತಾಡಾಕ ಬರತಿರಲಿಲ್ಲ, ಅದಕ್ಕ ಸುಮ್ಮನಿದ್ದೆ. ಮಸೀದಿಯೊಳಗ ಕೂಗಿದ್ರು, ಕೂಗೂ ಮುಗೀತು. ಎದುರು ಮನಿಯಾಕಿ ದೀಪ ಹಚ್ಚಿದಳು.

"ಮ್ಯಾಲ" ಅಂದ್ರು. ಮ್ಯಾಲೇ ಐತಲ್ಲ ಅಂತ ಅನ್ನಬೇಕಂದೆ, ಎಲಿ ಇತ್ತು. ತಾವೇ ತಲಿ ಝಾಡಿಸಿದ್ರು. "ಮ್ಯಾಲ ಅಲ್ಲ. ಅ… ಅಲ್ಲ. ಕ… ಕ…"

ನಾನು ಉಗುಳೂ ನುಂಗಲಿಲ್ಲ.

"ಕೆಳಗ."

ತಿರುವಿದೆ. "ಕೆಳಗ. ಕೆಳಗ. ಸಾಕು."

ಹಿಂದಿನ ಗಲ್ಲಿಗೆ ಹೋಗಿ ಬಂಡೆಪ್ಪಗ ಹೇಳಿಬಂದೆ. ಸ್ಕ್ರೂಡ್ರೈವರ್ ಕೈಯಾಗೇ ಇತ್ತಂತ, ಅವನ ಹೆಂಡತಿ ಹೆದರಿದಳಂತ.

೭ ಜನವರಿ

ಈಗ ಸಂಜಿಗೆ ಎರಡು ಎಲಿ ಹಾಕೋತೀನಿ. ಚಳಿ ಭಾಳ ಐತಿ. ಬಗಲಿನ ಸ್ಕ್ರೂದು ಎಡಕ್ಕ, ಬಲಕ್ಕ ಅನ್ನೋದು ಇನ್ನೂ ಅದಲು ಬದಲು ಆಗತೈತಿ. ಆದ್ರ ತಾವೇ ತಿದ್ದಕೋತಾರ. ಬಲಗಡಿ ದೀಪ ಚೊಲೋನ ಇತ್ತು. ಅದನ್ನೂ ಒಂದೀಟು ಕೆಡಿಸಿ ಇಟ್ಟೀನಿ. ಬಂಡೆಪ್ಪಗ ಹೇಳಿಲ್ಲ.

೧೧ ಜನವರಿ, ಮಂಗಳವಾರ

ದವಾಖಾನಿ. ಹುಡುಗಿ ಚಿತ್ರ ತೋರಿಸಿದಳು. ಆಕಳಕ್ಕ ಎಮ್ಮಿ ಅಂದ್ರು, ಆಮ್ಯಾಲ ಅಲ್ಲ ಅಂದ್ರು, ಆಮ್ಯಾಲ ಆಕಳು. ಛತ್ರಿಗೆ ಭಾಳ ಹೊತ್ತು ಹಿಡೀತು. ಹುಡುಗಿ ನನ್ನ ಕಡಿ ಎರಡು ಸಲ ನೋಡಿ, "ಅಮ್ಮಾ, ಮೈಯಾಗ ಆರಾಮಿಲ್ಲೇನು?" ಅಂತ ಕೇಳಿದಳು. ಆರಾಮದೀನಿ, ನನಗೇನಾಗೇತಿ. ಕೆಲಸ ಬಿಟ್ಟು ನನ್ನನ್ಯಾಕ ನೋಡ್ತಾಳ.

ಬರೋ ಮುಂದ ಕತ್ತಲದಾಗ ಒಬ್ಬರೂ ಹಾರನ್ ಹೊಡೀಲಿಲ್ಲ. ಬಲಗಡಿದನ್ನೂ ನಿನ್ನೆ ಸಂಜಿಗೆ ಇವರೇ ಹೇಳಿ ಸರಿ ಮಾಡಿಸಿದ್ರು. ಎರಡೂ ಬೆಳಕು ಜೋಡಿ ಎತ್ತು ಹೋದಂಗ ಹೊಂಟಿದ್ವು ರಸ್ತಾದ ಮ್ಯಾಲ. ಇವರು ಮುಂದಿನ ಸೀಟಿನ್ಯಾಗ ಕುಂತಿದ್ರು.

೧೬ ಜನವರಿ, ರವಿವಾರ

ಇವತ್ತು ತಲಿ ಕೆಟ್ಟೈತಿ. ಇಡೀ ದಿನ ಹಾಳು.

ಮುಂಜಾನೆ ಚಹಾ ಕುಡಿಯೋ ಮುಂದ ಇವರು ಗಾಡಿ ಕಡಿ ಕೈ ಮಾಡಿ, "ಮಾರು" ಅಂದ್ರು. ಇದೂ ಒಂದು ತಪ್ಪಿದ ಶಬ್ದ ಇರಬೇಕು ಅಂತ ಕಾದೆ. ತಿದ್ದಲಿಲ್ಲ. "ಗಾಡಿ. ಮಾರು" ಅಂದ್ರು.

ಯಾಕ ಅಂದೆ. ಇಷ್ಟು ದಿನ ಸೊಳ್ಳಿ ಕಡಿಸಿಕೊಂಡು, ಕೈ ಕೆರಕೊಂಡು, ಪುತ್ಲಿಬೌಲಿ ತಿರುಗಿ ಸರಿ ಮಾಡಿದ್ದು ಮಾರಾಕೇನು?

ನನ್ನ ಮಾತು ಮುಗಿಯೋ ತನಕ ಕಾದು, ಆಮ್ಯಾಲ ಒಂದೊಂದೇ ಹುಡುಕಿದ್ರು. "ಕೆಟ್ಟಿದ್ದು… ಇನ್ನೊಬ್ಬಗ… ಕೊಡಬಾರದು. ಈಗ ಸರಿ. ಈಗ… ಮಾರು. ನಾ ನಡಸೂದಿಲ್ಲ… ಇನ್ನ."

ಅಂದ್ರ ಮೊದಲಿಂದ ಇದೇ ತಲಿಯಾಗ ಇತ್ತು! ಮೆಕ್ಯಾನಿಕ್‌ಗ ಕೋಲು ಎತ್ತಿದಾಗೂ, ಬಟ್ಟಲಾ ಆರಿಸಿದಾಗೂ. ನನಗ ಗೊತ್ತೇ ಇಲ್ಲ. ನಾನು ಬಲ್ಲೆ ಈ ಮನುಷ್ಯಾನ್ನ ಅಂದ್ಕೊಂಡಿದ್ದೆ.

"ಮಾರೂದಿಲ್ಲ ನಾನು. ದವಾಖಾನಿಗೆ ಏನು ಹಾರಿಕೊಂಡು ಹೋಗೋಣೇನು?"

"ಬಸ್ಸು."

"ಬಸ್ಸು! ಮನಿ ಮೆಟ್ಟಲಾ ಇಳಿಯಾಕ ಇಬ್ಬರು ಬೇಕು ನಿಮಗ. ಬಸ್ಸಿನ ಮೆಟ್ಟಲಾ ಯಾರು ಹತ್ತತಾರ, ನಿಮ್ಮಪ್ಪ?"

"ನಾ… ಹತ್ತತೀನಿ."

"ಹತ್ತಿದ್ರಿ ಬಿಡ್ರಿ."

"ಹತ್ತತೀನಿ, ಅಂದೆ… ನಿನಗ ಕಿವಿ… ಇಲ್ಲೇನು?"

ಎದ್ದು ಹೊಂಟೇ ಬಿಟ್ಟರು, ಮಾಳಗಿ ಮೆಟ್ಟಲಾ ಕಡಿ. ಕೋಲು ಅಲ್ಲೇ ಬಿಟ್ಟು ಕಟಕಟಿ ಹಿಡದ್ರು. ಎಡಗಾಲು ಎತ್ತಿಟ್ಟು, ಬಲಗಾಲು ಎಳಕೊಂಡ್ರು. ಒಂದು ಆತು. ಇನ್ನೊಂದು ಆತು. ನಾನು ಹಿಂದ ಕೈ ಚಾಚಿ ನಿಂತ್ರ "ಸರಿ ಅತ್ತಾಗ" ಅಂದ್ರು. ಬಿದ್ರ ನಾನು ಹೊರಾಕಿ ಅಲ್ಲ ಅಂದೆ. ಹೊರಬ್ಯಾಡ ಅಂದ್ರು. ಮೂರನೇದರ ಮ್ಯಾಲ ನಿಂತು, ಉಸಿರು ಬಿಡಕೋತ, ಗಾಡಿ ಮಾರೋದು ಖರೇ ಅಂದ್ರು. ಖರೇ ಅಲ್ಲ ಅಂದೆ. ನಾನು ಒಂದು ಅಂದ್ರ ಅವರೂ ಒಂದು. ಯಾವುದಕ್ಕೂ ಬಿಡಲಿಲ್ಲ. ಶಬ್ದ ಸಿಗಲಾರದಾಗ ಕೈ ತೋರಿಸಿ ನನ್ನ ನಿಲ್ಲಿಸಿ, ಹುಡುಕಿ ತಂದು ಅಂದ್ರು. ನಾನೂ ನಿಂತೆ, ಅವರು ಅಂದ ಮ್ಯಾಲ ಅಂದೆ.

ಗದ್ಲ ಕೇಳಿ ಹಿಂದಿನ ಗಲ್ಲಿಯಿಂದ ಬಂಡೆಪ್ಪ ಓಡಿ ಬಂದ. "ಹೋಗಲಿ ಬಿಡ್ರಿ ವೈನಿ, ಅಣ್ಣಾ ನೀನರ ಸುಮ್ಮನಿರು" ಅಂತ ನಡುವ ಬಾಯಿ ಹಾಕಿದ.

"ನೀ ಸುಮ್ಮನಿರು" ಅಂದ್ರು ಇವರು. ನಾನೂ ಅದನ್ನೇ ಅಂದೆ.

ಅವ ಹಂಗೇ ಗೇಟಿನ ಹತ್ತರ ಹೋಗಿ ನಿಂತ. ಅಂಗಿ ತೋಳಿಲೆ ಕಣ್ಣು ಒರಸಿಕೊಂಡ, ಮತ್ತ ಒರಸಿಕೊಂಡ. ಗಂಡ ಹೆಂಡತಿ ಜಗಳ ಕೇಳಿ ಅಳೋ ಗಂಡಸನ್ನ ನಾನು ಇವತ್ತೇ ನೋಡಿದ್ದು.